ನಾಸರ್: ರಾಜನನ್ನು ಇಳಿಸಿದರು, ಗೆಳೆಯನನ್ನು ಇಳಿಸಲಾಗಲಿಲ್ಲ

ಈಜಿಪ್ಟಿನ ರಾಜ ಫಾರೂಕ್‌ನನ್ನು ಸಿಂಹಾಸನದಿಂದ ಇಳಿಸಿದಾಗ ಗಮಾಲ್ ಅಬ್ದುಲ್ ನಾಸರ್ ಅವರಿಗೆ ಕೇವಲ 34 ವರ್ಷ. ಅಂಚೆ ಇಲಾಖೆಯ ಸಾಮಾನ್ಯ ನೌಕರನ ಮಗ. ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್.

1918ರ ಜನವರಿ 15ರಂದು ಅಲೆಕ್ಸಾಂಡ್ರಿಯಾದಲ್ಲಿ ಜನಿಸಿದ ನಾಸರ್ ವಿದ್ಯಾರ್ಥಿ ದೆಸೆಯಲ್ಲೇ ಬ್ರಿಟಿಷ್ ವಿರೋಧಿ ಚಳವಳಿಗೆ ಧುಮುಕಿದವರು. 1935ರ ಮೆರವಣಿಗೆಯೊಂದರಲ್ಲಿ ಗುಂಡು ಅವರ ಹಣೆಯನ್ನು ಸವರಿಕೊಂಡು ಹೋಗಿತ್ತು. 1948ರ ಪ್ಯಾಲೆಸ್ಟೀನ್ ಯುದ್ಧದಲ್ಲಿ ಫಲೂಜಾದಲ್ಲಿ ಮುತ್ತಿಗೆಗೆ ಸಿಲುಕಿ ತಿಂಗಳುಗಟ್ಟಲೆ ಕಳೆದ ಪಡೆಯಲ್ಲಿ ಅವರೂ ಇದ್ದರು. ಸೋಲಿನ ಮೂಲ ರಣರಂಗದಲ್ಲಿಲ್ಲ, ಕೈರೋದಲ್ಲಿದೆ ಎಂಬ ನಂಬಿಕೆ ಅಲ್ಲಿ ಗಟ್ಟಿಯಾಯಿತು.

1952ರ ಜುಲೈ 23ರಂದು ಸ್ವತಂತ್ರ ಅಧಿಕಾರಿಗಳ ಗುಪ್ತ ಬಳಗ ಅಧಿಕಾರ ಹಿಡಿಯಿತು. ಮೂರು ದಿನಗಳ ಬಳಿಕ ಫಾರೂಕ್ ದೇಶ ಬಿಟ್ಟ. ಸೆಪ್ಟೆಂಬರ್‌ನಲ್ಲಿ ಬಂದ ಭೂಸುಧಾರಣಾ ಕಾನೂನು ಜಮೀನ್ದಾರರ ಹಿಡುವಳಿಗೆ 200 ಫೆದ್ದಾನ್‌ಗಳ ಮಿತಿ ವಿಧಿಸಿತು. ಒಂದು ಫೆದ್ದಾನ್ ಎಂದರೆ ಎಕರೆಗಿಂತ ತುಸು ಹೆಚ್ಚು. 1953ರ ಜನವರಿಯಲ್ಲಿ ರಾಜಕೀಯ ಪಕ್ಷಗಳೆಲ್ಲ ರದ್ದಾದವು. ಅರಮನೆಯ ನೆರಳಲ್ಲಿ ಬೆಳೆದ ಪಕ್ಷಗಳಿಂದ ಬೇಸತ್ತಿದ್ದ ಬಹುಮಂದಿಗೆ ಆಗ ಅದು ದೊಡ್ಡ ನಷ್ಟವೆನಿಸಲಿಲ್ಲ.

ಅದೇ ಜೂನ್‌ನಲ್ಲಿ ಈಜಿಪ್ಟ್ ಗಣರಾಜ್ಯವಾಯಿತು. ಜನರಲ್ ನಜೀಬ್ ಅಧ್ಯಕ್ಷರಾದರು. ಆದರೆ ಹೆಚ್ಚು ಮಹತ್ವದ ನೇಮಕ ಬೇರೆಯೇ ಇತ್ತು. ನಾಸರ್ ಅವರ ಆಪ್ತಮಿತ್ರ ಅಬ್ದುಲ್ ಹಕೀಂ ಆಮಿರ್ ಮೇಜರ್ ಹುದ್ದೆಯಿಂದ ಒಮ್ಮೆಲೇ ಮೇಜರ್ ಜನರಲ್ ಆಗಿ ಇಡೀ ಸೇನೆಯ ದಂಡನಾಯಕರಾದರು. ದಂಗೆಯಿಂದ ಬಂದ ಸರ್ಕಾರಕ್ಕೆ ಮತ್ತೊಂದು ದಂಗೆಯ ಭಯ. ಸಾಮರ್ಥ್ಯಕ್ಕಿಂತ ನಿಷ್ಠೆಗೇ ಬೆಲೆ. ಸಂಸದೀಯ ಆಡಳಿತಕ್ಕೆ ಮರಳಬೇಕೆಂದಿದ್ದ ನಜೀಬ್ 1954ರ ನವೆಂಬರ್‌ನಲ್ಲಿ ಗೃಹಬಂಧನ ಸೇರಿದರು. ಅದಕ್ಕೂ ಮುನ್ನ ನಾಸರ್ ಹತ್ಯೆಗೆ ನಡೆದ ಯತ್ನದ ಬೆನ್ನಲ್ಲೇ ಮುಸ್ಲಿಂ ಬ್ರದರ್‌ಹುಡ್ ಮೇಲೆ ತೀವ್ರ ದಮನ ಆರಂಭವಾಗಿತ್ತು.

1956ರ ಜುಲೈನಲ್ಲಿ ಬ್ರಿಯೋನಿಯಲ್ಲಿ ನೆಹರೂ ಮತ್ತು ಟಿಟೊ ಅವರನ್ನು ಭೇಟಿಯಾಗಿ ಮರಳುವ ವೇಳೆಗೆ ಅಸ್ವಾನ್ ಅಣೆಕಟ್ಟಿನ ನೆರವನ್ನು ಅಮೆರಿಕ ಹಿಂತೆಗೆದುಕೊಂಡಿತು. ಜುಲೈ 26ರಂದು ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. ಬ್ರಿಟನ್, ಫ್ರಾನ್ಸ್, ಇಸ್ರೇಲ್ ಒಂದಾಗಿ ದಾಳಿಯಿಟ್ಟು, ಜಾಗತಿಕ ಒತ್ತಡಕ್ಕೆ ಮಣಿದು ಹಿಂದಿರುಗಿದವು. ಅರಬ್ ನಾಡುಗಳಲ್ಲಿ ನಾಸರ್ ಹೆಸರು ಮನೆಮಾತಾಯಿತು. ಸಿರಿಯಾ ತಾನಾಗಿಯೇ ಬಂದು 1958ರಲ್ಲಿ ಈಜಿಪ್ಟಿನೊಡನೆ ವಿಲೀನವಾಯಿತು. ಅಲ್ಲಿಯೂ ಪಕ್ಷಗಳು ವಿಸರ್ಜನೆಯಾಗಬೇಕೆಂಬುದೇ ನಾಸರ್ ಅವರ ಷರತ್ತು. 1961ರ ಸೆಪ್ಟೆಂಬರ್‌ನಲ್ಲಿ ದಂಗೆಯೆದ್ದ ಸಿರಿಯಾದ ಸೇನಾಧಿಕಾರಿಗಳು ಡಮಾಸ್ಕಸ್‌ನಲ್ಲಿದ್ದ ಆಮಿರ್ ಅವರನ್ನು ವಿಮಾನ ಹತ್ತಿಸಿ ಕೈರೋಗೆ ಕಳುಹಿಸಿದರು. ಒಕ್ಕೂಟ ಅಲ್ಲಿಗೆ ಮುಗಿಯಿತು.

ಧರ್ಮವನ್ನೂ ಅವರು ಸರ್ಕಾರದ ಹೊರಗೆ ಬಿಡಲಿಲ್ಲ. 1961ರ ಕಾನೂನು ಅಲ್ ಅಜರ್ ವಿದ್ಯಾಪೀಠವನ್ನು ಸರ್ಕಾರದ ಹಿಡಿತಕ್ಕೆ ತಂದಿತು. ವೈದ್ಯಕೀಯ, ಎಂಜಿನಿಯರಿಂಗ್ ವಿಭಾಗಗಳಿಗೆ ಅಲ್ಲಿ ದಾರಿಯಾದದ್ದೂ ಅದರಿಂದಲೇ. 1966ರಲ್ಲಿ ಸಯ್ಯದ್ ಕುತುಬ್ ಅವರನ್ನು ಗಲ್ಲಿಗೇರಿಸಲಾಯಿತು. ಸೆರೆಮನೆಯಲ್ಲಿ ಅವರು ಬರೆದದ್ದು ಮಾತ್ರ ಗಲ್ಲಿಗೆ ಬಲಿಯಾಗಲಿಲ್ಲ, ಮುಂದಿನ ಪೀಳಿಗೆಯ ತೀವ್ರವಾದಿಗಳ ಕೈಪಿಡಿಯಾಯಿತು.

1962ರಲ್ಲಿ ರೈತರು ಹಾಗೂ ಕಾರ್ಮಿಕರಿಗೆ ಚುನಾಯಿತ ಸಭೆಗಳಲ್ಲಿ ಅರ್ಧದಷ್ಟು ಸ್ಥಾನ ನೀಡುವ ರಾಷ್ಟ್ರೀಯ ಸನ್ನದು ಪ್ರಕಟವಾಯಿತು. ಕಾಗದದ ಮೇಲೆ ಅದು ದಿಟ್ಟ ಹೆಜ್ಜೆಯೇ. ಅದೇ ವರ್ಷ ಅಧ್ಯಕ್ಷೀಯ ಮಂಡಳಿಯೊಂದನ್ನು ರಚಿಸಿ ಆಮಿರ್ ಅಧಿಕಾರಕ್ಕೆ ಕಡಿವಾಣ ಹಾಕಲು ನಾಸರ್ ಯತ್ನಿಸಿದರು. ಆಮಿರ್ ಸಿಡಿದೆದ್ದರು, ಸೇನೆ ಅವರ ಬೆನ್ನಿಗಿತ್ತು. ನಾಸರ್ ಹಿಂದೆ ಸರಿದರು. ಇಂಥ ತಗಾದೆಯನ್ನು ಬಗೆಹರಿಸಬಲ್ಲ ಪಕ್ಷವಾಗಲಿ, ಸಂಸತ್ತಾಗಲಿ, ಪತ್ರಿಕೆಯಾಗಲಿ ದೇಶದಲ್ಲಿ ಉಳಿದಿರಲಿಲ್ಲ.

1967ರ ಜೂನ್ 5ರ ಬೆಳಗ್ಗೆ ಇಸ್ರೇಲಿ ವಿಮಾನಗಳು ಈಜಿಪ್ಟಿನ ವಾಯುಪಡೆಯನ್ನು ನೆಲದ ಮೇಲೆಯೇ ನಾಶಪಡಿಸಿದಾಗ ಆಮಿರ್ ಸಿನಾಯ್‌ನತ್ತ ವಿಮಾನದಲ್ಲಿದ್ದರು. ಮರುದಿನವೇ ಹಿಮ್ಮೆಟ್ಟುವ ಆದೇಶ ಹೊರಟು ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಜೂನ್ 9ರಂದು ನಾಸರ್ ರಾಜೀನಾಮೆ ಘೋಷಿಸಿದರು. ಜನಸಾಗರ ಬೀದಿಗಿಳಿಯಿತು, ಮರುದಿನ ಅವರು ಅದನ್ನು ಹಿಂಪಡೆದರು. ಅಧಿಕಾರ ಕಳೆದುಕೊಂಡ ಆಮಿರ್ ಸಂಚಿನ ಆರೋಪದಲ್ಲಿ ಬಂಧನಕ್ಕೊಳಗಾಗಿ ಸೆಪ್ಟೆಂಬರ್‌ನಲ್ಲಿ ಮೃತಪಟ್ಟರು. ಆತ್ಮಹತ್ಯೆ ಎಂದಿತು ಸರ್ಕಾರ, ಕುಟುಂಬ ಒಪ್ಪಲಿಲ್ಲ.

1970ರ ಸೆಪ್ಟೆಂಬರ್ 28ರಂದು, ಜೋರ್ಡಾನ್ ಮತ್ತು ಪ್ಯಾಲೆಸ್ಟೀನಿಯರ ಕಾಳಗ ನಿಲ್ಲಿಸಲು ಕೈರೋದಲ್ಲಿ ನಡೆದ ಅರಬ್ ಶೃಂಗಸಭೆ ಮುಗಿದೊಡನೆ, ನಾಸರ್ ಹೃದಯಾಘಾತದಿಂದ ನಿಧನರಾದರು. ವಯಸ್ಸು 52. ಅಂತ್ಯಯಾತ್ರೆಯಲ್ಲಿ ಲಕ್ಷಾಂತರ ಜನ ಅತ್ತರು. ಉತ್ತರಾಧಿಕಾರಿಯಾದ ಅನ್ವರ್ ಸಾದತ್ 1971ರ ಮೇ ತಿಂಗಳಲ್ಲಿ ನಾಸರ್ ಆಪ್ತರನ್ನು ಸೆರೆಗೆ ತಳ್ಳಿದರು. ಪಕ್ಷಗಳ ಸ್ಥಾಪನೆಗೆ ಮತ್ತೆ ಕಾನೂನಿನ ಅವಕಾಶ ದೊರೆತದ್ದು 1977ರಲ್ಲಿ.