ವಿಕ್ಟರ್ ಹ್ಯಾಸೆಲ್‌ಬ್ಲಾಡನ ವಿದ್ಯಾಭ್ಯಾಸ

ಈಚಿನ ಕೆಲವು ವರ್ಷಗಳಿಂದ ನಮ್ಮ ಪಟ್ಟಣಗಳಲ್ಲಿ ಒಂದು ಸೋಜಿಗವು ಕಾಣಬರುತ್ತಿದೆ. ಜೇಬಿನಲ್ಲಿರುವ ಫೋನಿನಿಂದ ದಿನಕ್ಕೆ ನೂರು ಚಿತ್ರಗಳನ್ನು ತೆಗೆಯಬಲ್ಲ ತರುಣರು, ತಮ್ಮ ಅಜ್ಜಂದಿರ ಕಾಲದ ಮಧ್ಯಮ ಗಾತ್ರದ ಫಿಲ್ಮಿನ ಕ್ಯಾಮೆರಾಗಳನ್ನು ಹುಡುಕಿ ತಂದು, ಸುರುಳಿಯೊಂದಕ್ಕೆ ಹನ್ನೆರಡೇ ಚಿತ್ರಗಳೆಂಬ ಕಟ್ಟಳೆಗೆ ತಾವಾಗಿಯೇ ಕೊರಳೊಡ್ಡುತ್ತಿದ್ದಾರೆ. ಮೊದಲ ಎರಡು ಮೂರು ಸುರುಳಿಗಳು ಕೆಡುವುದು ಇವರಲ್ಲಿ ಬಹುಮಂದಿಯ ಪಾಡು. ಆಗ ಯಂತ್ರವನ್ನು ಶಪಿಸುವವರೂ ಉಂಟು, ಮಾರಿಬಿಡುವವರೂ ಉಂಟು. ಇಂತಹ ಕ್ಯಾಮೆರಾಗಳಲ್ಲಿ ಅತ್ಯಂತ ಗೌರವಕ್ಕೂ, ಕಲಿಯುವವರ ಬೈಗುಳಕ್ಕೂ ಪಾತ್ರವಾದ ಒಂದು ಹೆಸರು ಹ್ಯಾಸೆಲ್‌ಬ್ಲಾಡ್. ಅದು ಪೆಟ್ಟಿಗೆಯ ಹೆಸರಾಗುವುದಕ್ಕೆ ಮುಂಚೆ ಒಬ್ಬ ಮನುಷ್ಯನ ಹೆಸರಾಗಿತ್ತೆಂಬುದನ್ನೂ, ಆ ಮನುಷ್ಯನು ತನ್ನ ಮೊದಲ ಯಂತ್ರದಲ್ಲಿ ತಾನೇ ತಪ್ಪಿ, ಅದನ್ನು ತಿದ್ದಲು ಒಂಬತ್ತು ವರ್ಷ ಕಷ್ಟಪಟ್ಟನೆಂಬುದನ್ನೂ ಬಲ್ಲವರು ಕಡಮೆ.

ವಿಕ್ಟರ್ ಹ್ಯಾಸೆಲ್‌ಬ್ಲಾಡನು 1906ನೆಯ ಇಸವಿ ಮಾರ್ಚಿ 8ರಂದು ಸ್ವೀಡನ್ ದೇಶದ ಗೋಥೆನ್‌ಬರ್ಗ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿದನು. ಮನೆತನವು ಅನುಕೂಲಸ್ಥರದು, 1841ರಿಂದ ನಡೆದುಬಂದ ವ್ಯಾಪಾರದ ಕೋಠಿ ಅವರದು. ಹೊರದೇಶದ ಸರಕನ್ನು ತರಿಸಿ ಮಾರುವುದು ಅವರ ವೃತ್ತಿ. ವಿಕ್ಟರನ ಅಜ್ಜನಾದ ಆರ್ವಿದನಿಗೆ ಛಾಯಾಚಿತ್ರದ ಹುಚ್ಚು ಹಿಡಿದು, ಕೋಠಿಯಲ್ಲಿ ಆ ಸಾಮಾನುಗಳಿಗಾಗಿಯೇ ಒಂದು ವಿಭಾಗವನ್ನು ತೆರೆದನು. ಇದರಿಂದ ಹೆಚ್ಚು ಹಣವೇನೂ ಬಾರದು, ಆದರೆ ತಮ್ಮ ಪಟಗಳನ್ನಾದರೂ ಪುಕ್ಕಟೆಯಾಗಿ ತೆಗೆದುಕೊಳ್ಳಬಹುದೆಂದು ಆತನು ಹೇಳುತ್ತಿದ್ದನಂತೆ. ಈ ಲೆಕ್ಕವು ತಪ್ಪಾಯಿತು. ಅಮೆರಿಕದ ಜಾರ್ಜ್ ಈಸ್ಟ್‌ಮನ್ನನ ಸ್ನೇಹವು ಆತನಿಗೆ ದೊರೆತು, ಕೊಡಾಕ್ ಸಾಮಾನುಗಳು ಸ್ವೀಡನ್ನಿಗೆ ಬರುವ ದಾರಿಯೇ ಹ್ಯಾಸೆಲ್‌ಬ್ಲಾಡರ ಅಂಗಡಿಯಾಯಿತು. ಹೀಗೆ ವಿಕ್ಟರನು ಹುಟ್ಟುವಾಗಲೇ ಮನೆಯ ತುಂಬ ಕ್ಯಾಮೆರಾಗಳಿದ್ದುವು. ಆದರೆ ಅವುಗಳಲ್ಲಿ ಒಂದನ್ನಾದರೂ ಆ ಮನೆಯವರು ಮಾಡಿದ್ದಲ್ಲ. ಮಾರುವ ವಿದ್ಯೆ ಬೇರೆ, ಮಾಡುವ ವಿದ್ಯೆ ಬೇರೆ.

ಹದಿನೆಂಟನೆಯ ವಯಸ್ಸಿನಲ್ಲಿ ತಂದೆ ಕಾರ್ಲ್ ಎರಿಕನು ಮಗನನ್ನು ಜರ್ಮನಿಯ ಡ್ರೆಸ್ಡೆನ್ ಪಟ್ಟಣಕ್ಕೆ ಕಳುಹಿಸಿದನು. ಡ್ರೆಸ್ಡೆನ್ ಆಗ ಕ್ಯಾಮೆರಾ ಕೈಗಾರಿಕೆಯ ತವರು. ಅಲ್ಲಿಂದ ಫ್ರಾನ್ಸಿಗೆ, ಬಳಿಕ ಅಮೆರಿಕದ ರಾಚೆಸ್ಟರಿನಲ್ಲಿದ್ದ ಈಸ್ಟ್‌ಮನ್ನನ ಕಾರ್ಖಾನೆಗೆ ಆತನು ಹೋದನು. ಧನಿಕರ ಮಕ್ಕಳು ದೇಶಸಂಚಾರಕ್ಕೆಂದು ಹೋಗಿ ಉಡುಪಿನ ಹೊಸ ಶೈಲಿಯನ್ನು ಕಲಿತು ಬರುವುದುಂಟು. ಈತನಾದರೋ ಫಿಲ್ಮು ಹೇಗೆ ತಯಾರಾಗುವುದು, ಕ್ಯಾಮೆರಾದ ಅಂಗಗಳು ಹೇಗೆ ಕೂಡುವುವು, ಅಂಗಡಿಯ ಗಿರಾಕಿಯು ಏನನ್ನು ಕೇಳುವನು ಎಂಬುದನ್ನೆಲ್ಲ ಕೈಯಾರೆ ಕೆಲಸಮಾಡಿ ತಿಳಿದುಕೊಂಡನು.

ಆದರೂ ಆತನ ನಿಜವಾದ ಪಾಠಶಾಲೆ ಕಾರ್ಖಾನೆಗಳಲ್ಲಿ ಇರಲಿಲ್ಲ. ಬಾಲ್ಯದಿಂದಲೂ ಆತನಿಗೆ ಹಕ್ಕಿಗಳಲ್ಲಿ ಅಪಾರವಾದ ಪ್ರೀತಿ. ಸ್ವೀಡನ್ನಿನ ಕರಾವಳಿಯಲ್ಲಿ ವರ್ಷಕ್ಕೆರಡಾವರ್ತಿ ಹಿಂಡುಹಿಂಡಾಗಿ ಹಾದುಹೋಗುವ ವಲಸೆಯ ಹಕ್ಕಿಗಳ ಚಿತ್ರಗಳನ್ನು ತೆಗೆಯುವುದೇ ಆತನ ಬಿಡುವಿನ ಕೆಲಸ. 1935ರಲ್ಲಿ ಹಕ್ಕಿಗಳ ವಲಸೆಯ ಮಾರ್ಗಗಳನ್ನು ಕುರಿತು ಒಂದು ಪುಸ್ತಕವನ್ನೇ ತನ್ನ ಚಿತ್ರಗಳೊಡನೆ ಹೊರತಂದನು. ಹಾರುವ ಹಕ್ಕಿಯ ಪಟವನ್ನು ತೆಗೆಯುವವನಿಗೆ ಕ್ಯಾಮೆರಾದ ಗುಣದೋಷಗಳೆಲ್ಲವೂ ಬಯಲಾಗುತ್ತವೆ. ಅದು ಭಾರವಾದರೆ ತೋಳು ಸೋಲುವುದು. ನಿಧಾನವಾದರೆ ಹಕ್ಕಿಯು ದಾಟಿಹೋಗುವುದು. ಮಸೂರವನ್ನು ಬದಲಾಯಿಸಲು ಬಾರದಿದ್ದರೆ ದೂರದ ಹಕ್ಕಿ ಚುಕ್ಕೆಯಾಗಿಯೇ ಉಳಿಯುವುದು. ಕೈಯಲ್ಲಿ ಹಿಡಿಯುವಷ್ಟು ಸಣ್ಣದಾಗಿ, ಫಿಲ್ಮು ಮಾತ್ರ ದೊಡ್ಡದಾಗಿ, ಮಸೂರವೂ ಫಿಲ್ಮಿನ ಪೆಟ್ಟಿಗೆಯೂ ಬೇಕಾದಾಗ ಕಳಚಿಬರುವಂತೆ ಇರುವ ಒಂದು ಯಂತ್ರವು ಬೇಕೆಂಬ ಬಯಕೆಯು ಈ ಹವ್ಯಾಸದಿಂದಲೇ ಬೆಳೆಯಿತು.

ಇಷ್ಟರಲ್ಲಿ ತಂದೆಮಕ್ಕಳಿಗೆ ಮನಸ್ತಾಪವುಂಟಾಯಿತು. ವ್ಯಾಪಾರದ ಮನೆಗಳಲ್ಲಿ ಇದು ಹೊಸತಲ್ಲ. ವಿಕ್ಟರನು ಕೋಠಿಯನ್ನು ಬಿಟ್ಟು ಹೊರಬಂದು 1937ರಲ್ಲಿ ಗೋಥೆನ್‌ಬರ್ಗಿನಲ್ಲಿಯೇ ತನ್ನ ಹೆಸರಿನಲ್ಲಿ ಒಂದು ಚಿತ್ರದಂಗಡಿಯನ್ನೂ, ಫಿಲ್ಮು ತೊಳೆಯುವ ಪ್ರಯೋಗಶಾಲೆಯನ್ನೂ ಹಾಕಿದನು.

ಎರಡನೆಯ ಮಹಾಯುದ್ಧವು ಬಂದಿತು. ಸ್ವೀಡನ್ ತಟಸ್ಥವಾಗಿದ್ದರೂ ಸುತ್ತಲೂ ಬೆಂಕಿ ಹತ್ತಿತ್ತು. 1940ರಲ್ಲಿ, ಕೆಳಗೆ ಬಿದ್ದ ಜರ್ಮನ್ ವಿಮಾನವೊಂದರಲ್ಲಿ ದೊರೆತ ಕ್ಯಾಮೆರಾ ಒಂದನ್ನು ಸ್ವೀಡನ್ನಿನ ವಾಯುಪಡೆಯವರು ವಿಕ್ಟರನ ಮುಂದಿರಿಸಿ, ಇಂತಹುದನ್ನು ಮಾಡಿಕೊಡಬಲ್ಲೆಯಾ ಎಂದು ಕೇಳಿದರು. ಇಂತಹುದು ಆಗದು, ಇದಕ್ಕಿಂತ ಉತ್ತಮವಾದದ್ದು ಆಗಬಹುದು ಎಂಬರ್ಥದ ಉತ್ತರವನ್ನು ಆತನು ಕೊಟ್ಟನೆಂದು ಪ್ರತೀತಿ. ಇದು ಬರಿಯ ಜಂಬದ ಮಾತೆಂದು ತೋರಬಹುದು; ಏಕೆಂದರೆ ಆತನಲ್ಲಿ ಕಾರ್ಖಾನೆ ಇರಲಿಲ್ಲ, ಕುಶಲ ಕೆಲಸಗಾರರ ಪಡೆಯಿರಲಿಲ್ಲ. ಹಳೆಯ ಗುಜರಿಯ ಬಳಿ ಇದ್ದ ಒಂದು ಮೋಟಾರು ರಿಪೇರಿಯ ಷೆಡ್ಡಿನಲ್ಲಿ, ಒಬ್ಬ ಮೆಕ್ಯಾನಿಕನನ್ನೂ ಆತನ ಸೋದರನನ್ನೂ ಜೊತೆಮಾಡಿಕೊಂಡು, ಸಂಜೆಯ ಹೊತ್ತಿನಲ್ಲಿ ಜರ್ಮನ್ ಯಂತ್ರವನ್ನು ಅಂಗಾಂಗವಾಗಿ ಬಿಚ್ಚಿ ಅದರ ಮರ್ಮವನ್ನು ಅಭ್ಯಾಸಮಾಡಿದನು. ಎಚ್‌ಕೆ-7 ಎಂಬ ಕೈಕ್ಯಾಮೆರಾ ಹೊರಬಿದ್ದಿತು. 1945ರ ವರೆಗೆ ವಿಮಾನದ ಕ್ಯಾಮೆರಾಗಳನ್ನು 342ರಷ್ಟು ಮಾಡಿ ಸೈನ್ಯಕ್ಕೆ ಒಪ್ಪಿಸಿದನು. ನಡುವೆ 1942ರಲ್ಲಿ ತಂದೆಯು ತೀರಿಕೊಳ್ಳಲು, ಮನೆತನದ ವ್ಯಾಪಾರವೂ ಆತನ ಕೈಗೇ ಬಂದಿತು.

ಯುದ್ಧವು ಮುಗಿದ ಮೇಲೆ ಸೈನ್ಯದ ಗಿರಾಕಿಯಿಲ್ಲ. ಗಡಿಯಾರದ ಬಿಡಿಭಾಗಗಳನ್ನು ಮಾಡಿಕೊಂಡು ಕೆಲಸಗಾರರ ಹೊಟ್ಟೆ ಹೊರೆಯುತ್ತ, ಸಾಮಾನ್ಯ ಜನರ ಕ್ಯಾಮೆರಾದ ಮರದ ಮಾದರಿಗಳನ್ನು ವಿಕ್ಟರನು ಕಡೆಯಿಸಿದನು. ಹೊರರೂಪವನ್ನು ತಿದ್ದಿದವನು ಸಾಬ್ ಮೋಟಾರು ಕಾರಿಗೆ ಆಕಾರ ಕೊಟ್ಟ ಸಿಕ್ಸ್ಟೆನ್ ಸಾಸೋನ್. 1948ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಯಂತ್ರವು ಪ್ರದರ್ಶಿತವಾಯಿತು. ನೋಡಿದವರು ಬೆರಗಾದರು. ನಡುವೆ ಒಂದು ಗೂಡು. ಅದರ ಮುಂದೆ ಮಸೂರ, ಹಿಂದೆ ಫಿಲ್ಮಿನ ಪೆಟ್ಟಿಗೆ, ಮೇಲೆ ನೋಟದ ಗಾಜು, ಪಕ್ಕದಲ್ಲಿ ಸುತ್ತುವ ಗುಂಡಿ. ಇವು ಒಂದೊಂದೂ ಕಳಚಿಬರುವುವು. ಅರ್ಧ ಸುರುಳಿ ಮುಗಿದಿರುವಾಗಲೇ ಕಪ್ಪುಬಿಳುಪಿನ ಫಿಲ್ಮನ್ನು ತೆಗೆದಿಟ್ಟು ಬಣ್ಣದ ಫಿಲ್ಮನ್ನು ಹಾಕಬಹುದು. ಹೆಸರು 1600-ಎಫ್. ಸೆಕೆಂಡಿನ 1,600ನೆಯ ಒಂದು ಪಾಲಿನಲ್ಲಿ ತೆರೆದು ಮುಚ್ಚುವ ಷಟರು ಅದರಲ್ಲಿದೆಯೆಂದು ಆ ಸಂಖ್ಯೆಯ ಅರ್ಥ.

ಈ ಸಂಖ್ಯೆಯೇ ಆತನಿಗೆ ಮುಳುವಾಯಿತು. ಉಕ್ಕಿನ ಅತಿ ತೆಳುವಾದ ಹಾಳೆಯಿಂದ ಮಾಡಿದ ಪರದೆಯು ಆ ವೇಗವನ್ನು ತಾಳಲಾರದೆ ಹೋಯಿತು, ಹಲ್ಲುಚಕ್ರಗಳೂ ಕೈಕೊಟ್ಟುವು. ಮಾರಿದ ಯಂತ್ರಗಳಲ್ಲಿ ಬಹಳ ರಿಪೇರಿಗೆಂದು ಹಿಂದಿರುಗಿದುವು. ನೂರು ವರ್ಷ ಪರರ ಸರಕನ್ನು ಮಾರಿ ಗಳಿಸಿದ ಹೆಸರು, ತನ್ನ ಸ್ವಂತ ಸರಕಿನಿಂದ ಕೆಡುವ ಕಾಲವು ಬಂದಿತು. ಬೇರೊಬ್ಬನಾಗಿದ್ದರೆ ಕೊಂಡವರು ಉಪಯೋಗಿಸುವುದನ್ನು ಅರಿಯರೆಂದು ಅವರ ಮೇಲೆ ದೂರು ಹೊರಿಸುತ್ತಿದ್ದನು, ಇಲ್ಲವೆ ಗಡಿಯಾರದ ಕೆಲಸಕ್ಕೆ ಮರಳುತ್ತಿದ್ದನು. ವಿಕ್ಟರನು ವೇಗದ ಹಂಬಲವನ್ನೇ ಇಳಿಸಿದನು. ಮುಂದಿನ ಯಂತ್ರದ ಹೆಸರು 1000-ಎಫ್. ಅದು ಎಷ್ಟೋ ಗಟ್ಟಿಯಾಗಿತ್ತು. ಅಮೆರಿಕದ ಛಾಯಾಚಿತ್ರ ಪತ್ರಿಕೆಯೊಂದು 1954ರಲ್ಲಿ ಅದರಲ್ಲಿ 500ಕ್ಕೂ ಮಿಕ್ಕಿ ಸುರುಳಿಗಳನ್ನು ಓಡಿಸಿ, ಬೇಕೆಂದೇ ಎರಡು ಸಲ ನೆಲಕ್ಕೆ ಕೆಡವಿ ಪರೀಕ್ಷಿಸಿತು, ಯಂತ್ರವು ತೇರ್ಗಡೆಯಾಯಿತು. ಆದರೆ ತಯಾರಕನಿಗೆ ತೃಪ್ತಿಯಿಲ್ಲ. 1957ರಲ್ಲಿ ಷಟರನ್ನು ಗೂಡಿನಿಂದ ತೆಗೆದು ಮಸೂರದೊಳಕ್ಕೇ ಸೇರಿಸಿ 500-ಸಿ ಎಂಬ ಕ್ಯಾಮೆರಾವನ್ನು ಹೊರತಂದನು. 1,600 ಇದ್ದದ್ದು ಒಂದು ಸಾವಿರವಾಗಿ, ಒಂದು ಸಾವಿರವು 500 ಆಯಿತು. ಪ್ರತಿಯೊಂದು ಹೊಸ ಮಾದರಿಯಲ್ಲಿಯೂ ಅಂಕಿಯನ್ನು ಏರಿಸಿ ಜಾಹೀರಾತು ಹಾಕುವ ವ್ಯಾಪಾರಿಗಳ ನಡುವೆ, ಇಳಿಸುತ್ತ ಬಂದು ಗೆದ್ದವನು ಈತನು. ಹೊಸ ಷಟರಿನಿಂದ ಮತ್ತೊಂದು ಲಾಭವೂ ಆಯಿತು: ಯಾವ ವೇಗದಲ್ಲಿಯಾದರೂ ಮಿಂಚುದೀಪವನ್ನು ಬಳಸಬಹುದಾಯಿತು. ಮದುವೆಮನೆಯ ಛಾಯಾಗ್ರಾಹಕರೂ ಸ್ಟುಡಿಯೋದವರೂ ಈ ಯಂತ್ರವನ್ನು ಅಪ್ಪಿಕೊಂಡದ್ದು ಇದರಿಂದಲೇ.

ಈಗಿನ ಕಲಿಯುವವನ ಕೈಗೆ ಬರುವುದು ಸಾಮಾನ್ಯವಾಗಿ ಈ ವಂಶದ ಕ್ಯಾಮೆರಾವೇ. ಆದಕಾರಣ ಅದರ ಪಾಠಕ್ರಮವನ್ನು ಸ್ವಲ್ಪ ವಿವರಿಸುವೆವು. ಮೊದಲನೆಯದಾಗಿ, ಇದನ್ನು ಕಣ್ಣಿಗೆ ಹಿಡಿಯುವುದಲ್ಲ. ಹೊಟ್ಟೆಯ ಬಳಿ ಹಿಡಿದು ತಲೆಬಾಗಿ ಮೇಲಿನ ಮಬ್ಬುಗಾಜನ್ನು ನೋಡಬೇಕು. ಅಲ್ಲಿ ಕಾಣುವ ಬಿಂಬವು ನೆಟ್ಟಗೇ ಇರುವುದು, ಎಡಬಲಗಳು ಮಾತ್ರ ಅದಲುಬದಲು. ಬಲಕ್ಕೆ ಓಡುವ ಮಗುವು ಗಾಜಿನಲ್ಲಿ ಎಡಕ್ಕೆ ಓಡುತ್ತದೆ. ಕೈಯು ತಪ್ಪಿದ ಕಡೆಗೇ ತಿರುಗುತ್ತದೆ. ಕೆಲವು ವಾರಗಳ ಬಳಿಕ ಇದು ಸೈಕಲ್ಲಿನ ಸಮತೋಲದಂತೆ ತಾನಾಗಿಯೇ ಬರುವುದು. ಫಿಲ್ಮು 6 ಸೆಂಟಿಮೀಟರ್ ಅಗಲವೆಂದು ಹೇಳಿದರೂ ಚಿತ್ರವು ಪ್ರತಿಯೊಂದು ಪಕ್ಕಕ್ಕೆ 56 ಮಿಲಿಮೀಟರ್ ಇರುವ ಚೌಕ. ಸಣ್ಣ ಕ್ಯಾಮೆರಾದ 24 ಮತ್ತು 36 ಮಿಲಿಮೀಟರಿನ ಚಿತ್ರಕ್ಕೆ ಹೋಲಿಸಿದರೆ ಮೂರೂವರೆ ಪಟ್ಟಿಗೂ ಮೀರಿದ ವಿಸ್ತೀರ್ಣ. ಬಟ್ಟೆಯ ನೂಲೆಳೆಯೂ ಮುದುಕನ ಹಣೆಯ ಗೆರೆಯೂ ಅದರಲ್ಲಿ ಬೇರೆಬೇರೆಯಾಗಿ ನಿಲ್ಲುವುದು ಈ ಕಾರಣದಿಂದಲೇ.

ಫಿಲ್ಮು ತುಂಬುವಾಗ ಬಹುಮಂದಿ ಎಡವುತ್ತಾರೆ. ಸುರುಳಿಯ ಬೆನ್ನಿಗಿರುವ ಕಾಗದದ ಕಪ್ಪು ಮೈ ಹೊರಕ್ಕೆ ಕಾಣುವಂತೆ ಸುತ್ತಬೇಕು. ಬಣ್ಣದ ಮೈ ಹೊರಕ್ಕೆ ಬಂದರೆ ಹನ್ನೆರಡು ಚಿತ್ರಗಳನ್ನೂ ಕಾಗದದ ಮೇಲೆಯೇ ತೆಗೆದಂತಾಗುವುದು. ಪೆಟ್ಟಿಗೆಗೂ ಗೂಡಿಗೂ ನಡುವೆ ಬೆಳಕನ್ನು ತಡೆಯುವ ಒಂದು ತಗಡು ಉಂಟು. ಅದು ಒಳಗಿದ್ದರೆ ಗುಂಡಿಯನ್ನು ಒತ್ತಲು ಬಾರದು. ಯಂತ್ರ ಕೆಟ್ಟಿತೆಂದು ಗಾಬರಿಯಾಗುವವರು ಮೊದಲು ಅದನ್ನು ನೋಡಬೇಕು. ಚಿತ್ರ ತೆಗೆದೊಡನೆ ಒಳಗಿನ ಕನ್ನಡಿಯು ಮೇಲಕ್ಕೇರಿ ಅಲ್ಲಿಯೇ ನಿಲ್ಲುವುದು, ಗಾಜು ಕತ್ತಲಾಗುವುದು. ಪಕ್ಕದ ಗುಂಡಿಯನ್ನು ಸುತ್ತಿದ ಮೇಲೆಯೇ ಲೋಕವು ಮತ್ತೆ ಕಾಣುವುದು. ಮಸೂರವನ್ನು ಬದಲಾಯಿಸುವ ಮುನ್ನ ಗೂಡನ್ನೂ ಮಸೂರವನ್ನೂ ಬಿಗಿದಿಟ್ಟುಕೊಂಡಿರಬೇಕು. ಇಲ್ಲವಾದರೆ ಎರಡೂ ಕಚ್ಚಿಕೊಂಡು ರಿಪೇರಿಯವನ ಬಳಿಗೆ ಹೋಗಬೇಕಾದೀತು. ಬೆಳಕನ್ನು ಅಳೆಯುವ ಸಾಧನವು 500-ಸಿಯಲ್ಲಿ ಇಲ್ಲ. ಹಳಬರ ಒಂದು ಲೆಕ್ಕವನ್ನು ಕಂಠಪಾಠ ಮಾಡಿದರೆ ಮೊದಲ ಸುರುಳಿಗೆ ಸಾಕು: 100ರ ವೇಗದ ಫಿಲ್ಮಿಗೆ ನಿಚ್ಚಳವಾದ ಬಿಸಿಲಿನಲ್ಲಿ ರಂಧ್ರವು 16ಕ್ಕೆ, ಕಾಲವು ಸೆಕೆಂಡಿನ 125ನೆಯ ಒಂದು ಪಾಲಿಗೆ. ನೆರಳಿಗೆ ಬಂದಂತೆ ರಂಧ್ರವನ್ನು ಹಿಗ್ಗಿಸುತ್ತ ಹೋಗಬೇಕು.

ಈ ಕಟ್ಟಳೆಗಳು ಹೆಚ್ಚಾದುವೆಂದು ಕೊರಗುವವರು ವಾಲ್ಟರ್ ಶಿರಾನ ಸಂಗತಿಯನ್ನು ಕೇಳಬೇಕು. ಅಮೆರಿಕದ ಈ ಗಗನಯಾತ್ರಿಯು 1962ರಲ್ಲಿ ಹ್ಯೂಸ್ಟನ್ನಿನ ಅಂಗಡಿಯೊಂದರಲ್ಲಿ ಎಲ್ಲರಂತೆ ಹಣ ಕೊಟ್ಟು 500-ಸಿಯನ್ನು ಕೊಂಡು, ಅದೇ ಅಕ್ಟೋಬರಿನಲ್ಲಿ ಭೂಮಿಯನ್ನು ಸುತ್ತುವಾಗ ಒಯ್ದನು. ಹೊಳಪು ಕಣ್ಣಿಗೆ ಹೊಡೆಯದಂತೆ ಅದಕ್ಕೆ ಕಪ್ಪು ಬಣ್ಣ ಬಳಿಯಲಾಗಿತ್ತು. ಗೋಥೆನ್‌ಬರ್ಗಿನ ಕಾರ್ಖಾನೆಗೂ ಅಮೆರಿಕದ ಗಗನಯಾನ ಸಂಸ್ಥೆಗೂ ಸಂಬಂಧವು ಬೆಳೆದದ್ದು ಆಮೇಲೆ. ಮುಂದೆ ಚಂದ್ರನಿಗೆ ಹೋಗುವವರು ಕ್ಯಾಮೆರಾವನ್ನು ಮನೆಗೂ ಪ್ರವಾಸಕ್ಕೂ ಒಯ್ದು ಸಾಮಾನ್ಯ ಹವ್ಯಾಸಿಗಳಂತೆ ಅಭ್ಯಾಸಮಾಡಿದರು. ಏಕೆಂದರೆ ಅಲ್ಲಿ ಅದು ಎದೆಯ ಮೇಲೆ ಕುಳಿತಿರುವುದು, ನೋಡುವ ಗಾಜೂ ಇರದು. ಮೈಯನ್ನೇ ತಿರುಗಿಸಿ ಗುರಿಯಿಡಬೇಕು. 1969ರ ಜುಲೈ ತಿಂಗಳಲ್ಲಿ ಆರ್ಮ್‌ಸ್ಟ್ರಾಂಗನು ಚಂದ್ರನ ಮೇಲೆ ಆಲ್ಡ್ರಿನನ ಚಿತ್ರವನ್ನು ತೆಗೆದದ್ದು ಹೀಗೆಯೇ. ಕ್ಯಾಮೆರಾವು ಹೆಚ್ಚುಕಾಲ ಆತನಲ್ಲಿಯೇ ಇದ್ದುದರಿಂದ, ಚಂದ್ರನ ಮೇಲೆ ಮೊದಲು ಕಾಲಿಟ್ಟವನ ಒಳ್ಳೆಯ ಪಟವೇ ಅಲ್ಲಿ ಬಹು ವಿರಳ! ಮನೆಯ ಮದುವೆಯಲ್ಲಿ ಪಟ ತೆಗೆಯುವ ಸೋದರಮಾವನ ಗತಿಯೂ ಇದೇ ಅಲ್ಲವೆ? ಹಿಂದಿರುಗುವಾಗ ಕಲ್ಲುಮಣ್ಣಿನ ಭಾರಕ್ಕೆ ಎಡೆಮಾಡಲು ಫಿಲ್ಮಿನ ಪೆಟ್ಟಿಗೆಗಳನ್ನು ಮಾತ್ರ ಕಳಚಿ ತಂದರು. ಹಕ್ಕಿಯ ಹಿಂದೆ ಓಡುವವನ ಅನುಕೂಲಕ್ಕೆಂದು ಕಳಚಿಬರುವಂತೆ ಮಾಡಿದ್ದು ಅಲ್ಲಿ ಹೀಗೆ ಉಪಯೋಗಕ್ಕೆ ಬಂದಿತು. 1972ರ ವರೆಗಿನ ಯಾತ್ರೆಗಳಲ್ಲಿ ಹೀಗೆ ಬಿಟ್ಟುಬಂದ ಹನ್ನೆರಡು ಯಂತ್ರಗಳು ಈಗಲೂ ಚಂದ್ರನ ಮೇಲೆಯೇ ಬಿದ್ದಿವೆ.

ವಿಕ್ಟರನು 1976ರಲ್ಲಿ ಕಾರ್ಖಾನೆಯನ್ನು ಮಾರಿ, 1978ರ ಆಗಸ್ಟ್ 5ರಂದು ಮೃತಿಹೊಂದಿದನು. 500ರ ವಂಶದ ಕ್ಯಾಮೆರಾಗಳು ಆತನ ಬಳಿಕವೂ 2013ರ ವರೆಗೆ ತಯಾರಾದುವು. ಆತನಿಗೂ ಆತನ ಪತ್ನಿ ಎರ್ನಾಳಿಗೂ ಮಕ್ಕಳಿರಲಿಲ್ಲ. ಆಸ್ತಿಯ ಬಹುಭಾಗವು ಇಬ್ಬರ ಹೆಸರಿನ ಒಂದು ಧರ್ಮನಿಧಿಗೆ ಸಂದು, 1980ರಿಂದ ಅದರ ಮೂಲಕ ಶ್ರೇಷ್ಠ ಛಾಯಾಗ್ರಾಹಕರಿಗೆ ಪಾರಿತೋಷಕವು ಸಲ್ಲುತ್ತಿದೆ. 2022ರಲ್ಲಿ ಅದು ನಮ್ಮ ದೇಶದ ದಯಾನಿತಾ ಸಿಂಗ್ ಅವರಿಗೆ ದೊರೆಯಿತು. ಅವರ ಕಪ್ಪುಬಿಳುಪಿನ ಚೌಕ ಚಿತ್ರಗಳು ಇದೇ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾದಲ್ಲಿ, ಸುರುಳಿಗೆ ಹನ್ನೆರಡರಂತೆ ತೆಗೆದಂತಹುವು.