ಮೇಲಿನ ಆರ್ಮ್ ತೆಗೆದುಹಾಕಿದ ಮ್ಯಾಕ್‌ಫರ್ಸನ್

ತುಮಕೂರಿನ ಗುಬ್ಬಿ ಗೇಟ್ ಕಡೆ ಆಗಲಿ, ಕುಣಿಗಲ್ ರಸ್ತೆಯಲ್ಲಾಗಲಿ, ಯಾವುದಾದರೂ ಗ್ಯಾರೇಜಲ್ಲಿ ಹಳೇ ಮಾರುತಿ 800 ಒಂದನ್ನ ಜಾಕ್ ಮೇಲೆ ಎತ್ತಿದ್ದರೆ ಮುಂದಿನ ಚಕ್ರದ ಹಿಂದೆ ಸ್ವಲ್ಪ ಬಗ್ಗಿ ನೋಡಿ. ನೆಟ್ಟಗೆ ನಿಂತಿರುವ ಒಂದು ಶಾಕ್ ಅಬ್ಸಾರ್ಬರ್, ಅದರ ಸುತ್ತ ಸ್ಪ್ರಿಂಗ್, ಕೆಳಗೆ ಅಡ್ಡಲಾಗಿ ಒಂದೇ ಒಂದು ಲೋವರ್ ಆರ್ಮ್. ಆ ಆರ್ಮ್ ಬಾಡಿಗೆ ಸೇರುವ ಕಡೆ ಕಬ್ಬಿಣದ ಕೊಳವೆಯೊಳಗೆ ಒಂದು ಪುಟ್ಟ ರಬ್ಬರ್ ಬುಷ್. ಇಷ್ಟೇ ಸಾಮಾನು.

ಇದಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಅಂತ ಹೆಸರು. ವೈವಾದಲ್ಲಿ ಕೇಳಿದರೆ ನಾವೆಲ್ಲ ಚಿತ್ರ ಬರೆದು ತೋರಿಸುತ್ತೇವೆ. ಆದರೆ ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದ, ಅವನು ಮಾಡಬೇಕು ಅಂದುಕೊಂಡ ಕಾರು ಒಂದೂ ಮಾರಾಟವಾಗಲಿಲ್ಲ ಅನ್ನೋದು ಪಠ್ಯದಲ್ಲಿ ಬರೋದಿಲ್ಲ. ಅದಕ್ಕೇ ಈ ಲೇಖನ.

ಅರ್ಲ್ ಸ್ಟೀಲ್ ಮ್ಯಾಕ್‌ಫರ್ಸನ್ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಹೈಲ್ಯಾಂಡ್ ಪಾರ್ಕ್ ಅನ್ನೋ ಊರಲ್ಲಿ. 1915ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಮೊದಲ ಕೆಲಸ ಡೆಟ್ರಾಯ್ಟ್‌ನ ಚಾಲ್ಮರ್ಸ್ ಕಂಪನಿಯಲ್ಲಿ. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಸೈನ್ಯದ ಪರವಾಗಿ ಯುರೋಪಿಗೆ ಹೋಗಿ ವಿಮಾನದ ಎಂಜಿನ್‌ಗಳ ಮೇಲೆ ಕೆಲಸ ಮಾಡಿದರು. ವಾಪಸ್ ಬಂದಮೇಲೆ ಲಿಬರ್ಟಿ ಕಂಪನಿ, ಆಮೇಲೆ ಹಪ್ ಕಂಪನಿ. ಚಾಲ್ಮರ್ಸ್, ಲಿಬರ್ಟಿ, ಹಪ್ ಈ ಮೂರೂ ಹೆಸರಲ್ಲಿ ಇವತ್ತು ಕಾರುಗಳಿಲ್ಲ. ದೊಡ್ಡವರ ಜೊತೆ ಪೈಪೋಟಿ ಮಾಡಲಾಗದೆ ಒಂದೊಂದಾಗಿ ಮುಚ್ಚಿಹೋದ ಕಂಪನಿಗಳವು. ಒಂದು ಕಾರಿನ ಖರ್ಚು ಎಲ್ಲೆಲ್ಲಿ ಹೆಚ್ಚಾಗುತ್ತೆ ಅಂತ ಇಂಥ ಕಡೆ ದುಡಿದವರಿಗೆ ಚೆನ್ನಾಗಿ ಗೊತ್ತಿರುತ್ತೆ. 1934ರಲ್ಲಿ ಅವರು ಜನರಲ್ ಮೋಟರ್ಸ್ ಸೇರಿದರು, ಷೆವರ್ಲೆ ವಿಭಾಗದಲ್ಲಿ ವಿನ್ಯಾಸದ ಹೊಣೆ ಹೊತ್ತರು.

ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಹೊತ್ತಿಗೆ, 1945ರಲ್ಲಿ, ಜಿಎಂ ಒಂದು ಸಣ್ಣ ಕಾರು ಮಾಡಲು ಹೊರಟಿತು. ಹೆಸರು ಷೆವರ್ಲೆ ಕೆಡೆಟ್. ತೂಕ ಸುಮಾರು 1000 ಕಿಲೋ, ಬೆಲೆ 1000 ಡಾಲರ್ ಒಳಗೆ ಇರಬೇಕು. ಎಂಜಿನಿಯರಿಂಗ್ ಪೂರ್ತಿ ಮ್ಯಾಕ್‌ಫರ್ಸನ್ ಕೈಯಲ್ಲಿ. ಬೆಲೆ ಕಮ್ಮಿ ಅಂತ ಸವಾರಿ ಕೆಟ್ಟದಾಗಿರಬಾರದು ಅನ್ನೋದು ಅವರ ಹಟ. ನಾಲ್ಕೂ ಚಕ್ರಕ್ಕೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಕೊಡಲೇಬೇಕು ಅಂದುಕೊಂಡರು. ಸಮಸ್ಯೆ ಶುರುವಾಗಿದ್ದೇ ಇಲ್ಲಿ.

ಆಗಿನ ಇಂಡಿಪೆಂಡೆಂಟ್ ಸಸ್ಪೆನ್ಷನ್‌ನಲ್ಲಿ ಸಾಮಾನ್ಯವಾಗಿ ಒಂದೊಂದು ಚಕ್ರಕ್ಕೂ ಮೇಲೊಂದು, ಕೆಳಗೊಂದು ಆರ್ಮ್. ನಮ್ಮಲ್ಲಿ ಓಡಾಡಿದ ಪ್ರೀಮಿಯರ್ ಪದ್ಮಿನಿಯ ಮುಂಭಾಗದಲ್ಲೂ ಹಾಗೇ ಇತ್ತು. ಆರ್ಮ್ ಹೆಚ್ಚಾದರೆ ಜಾಯಿಂಟ್ ಹೆಚ್ಚು, ಬುಷ್ ಹೆಚ್ಚು, ಜಾಗವೂ ಹೆಚ್ಚು ಬೇಕು, ಖರ್ಚೂ ಹೆಚ್ಚು. ಮ್ಯಾಕ್‌ಫರ್ಸನ್ ಮಾಡಿದ್ದು ಏನಪ್ಪಾ ಅಂದ್ರೆ, ಮೇಲಿನ ಆರ್ಮನ್ನೇ ತೆಗೆದುಹಾಕಿದ್ದು. ಹೇಗೂ ಅಲ್ಲಿ ಶಾಕ್ ಅಬ್ಸಾರ್ಬರ್ ಇರಲೇಬೇಕಲ್ಲ. ಅದನ್ನೇ ಗಟ್ಟಿ ಮಾಡಿ, ಕೆಳತುದಿಯನ್ನ ಚಕ್ರದ ನಕಲ್‌ಗೆ ಬಿಗಿದು, ಮೇಲ್ತುದಿಯನ್ನ ಬಾಡಿಗೆ ಕೂರಿಸಿದರು. ಮೇಲಿನ ಆರ್ಮ್ ಮಾಡುತ್ತಿದ್ದ ಕೆಲಸವನ್ನ ಅದೇ ಮಾಡಿತು. ಕೆಳಗೆ ಒಂದು ಆರ್ಮ್, ಅದು ಹಿಂದೆ ಮುಂದೆ ಹೋಗದ ಹಾಗೆ ಹಿಡಿಯೋಕೆ ಆಂಟಿ ರೋಲ್ ಬಾರ್. ಒಂದು ಸಾಮಾನಿಗೆ ಎರಡೆರಡು ಕೆಲಸ ಕೊಡೋದೇ ಇಲ್ಲಿನ ಲೆಕ್ಕಾಚಾರ.

ಇಂಥ ಯೋಚನೆ ಅವರೊಬ್ಬರಿಗೇ ಬಂದಿದ್ದಲ್ಲ. ಇಟಲಿಯ ಫಿಯಟ್‌ನಲ್ಲಿ ಗೀಡೋ ಫೊರ್ನಾಕಾ ಅನ್ನುವವರು 1920ರ ದಶಕದಲ್ಲೇ ಇದರ ಹತ್ತಿರದ ವಿನ್ಯಾಸ ಮಾಡಿದ್ದರು. ಆದರೆ ಅದನ್ನ ಲಕ್ಷಗಟ್ಟಲೆ ಕಾರುಗಳಿಗೆ ಒಗ್ಗುವ ಹಾಗೆ ಮಾಡಿದ್ದು ಮ್ಯಾಕ್‌ಫರ್ಸನ್.

ಕೆಡೆಟ್‌ನ ಮಾದರಿ ಕಾರುಗಳು ತಯಾರಾದವು, ಓಡಿದವು ಕೂಡ. ಆದರೆ ಯುದ್ಧ ಮುಗಿದ ಕಾಲದಲ್ಲಿ ಕಚ್ಚಾ ವಸ್ತು ಸಿಗುತ್ತಿರಲಿಲ್ಲ, ಇದ್ದ ದೊಡ್ಡ ಕಾರುಗಳಿಗೇ ಜನ ಕ್ಯೂ ನಿಂತಿದ್ದರು. ಸಣ್ಣ ಕಾರಿನಲ್ಲಿ ಲಾಭ ಕಾಣದ ಕಂಪನಿ 1947ರಲ್ಲಿ ಯೋಜನೆಯನ್ನೇ ಕೈಬಿಟ್ಟಿತು. ಅದೇ ವರ್ಷ, 56ನೇ ವಯಸ್ಸಿನಲ್ಲಿ, ಮ್ಯಾಕ್‌ಫರ್ಸನ್ ಜಿಎಂ ಬಿಟ್ಟು ಫೋರ್ಡ್‌ಗೆ ಹೊರಟರು. ತಮಾಷೆ ನೋಡಿ: ಸ್ಟ್ರಟ್‌ನ ಪೇಟೆಂಟ್‌ಗೆ 1947ರ ಮಾರ್ಚ್‌ನಲ್ಲಿ ಅರ್ಜಿ ಹೋಗಿದ್ದು ಜಿಎಂ ಪರವಾಗಿ. 1953ರ ಜನವರಿಯಲ್ಲಿ ಅದು ಮಂಜೂರಾದಾಗ ಅವರು ಎದುರಾಳಿ ಕಂಪನಿಯ ದೊಡ್ಡ ಎಂಜಿನಿಯರ್.

ಫೋರ್ಡ್‌ನಲ್ಲಿ ಆ ವಿನ್ಯಾಸಕ್ಕೆ ಜೀವ ಬಂತು, ಅದೂ ಅಮೆರಿಕದಲ್ಲಲ್ಲ. ಮೊದಲು ಫ್ರಾನ್ಸ್‌ನ ಫೋರ್ಡ್ ವೆಡೆಟ್, ಆಮೇಲೆ 1950ರ ಕೊನೆಯಲ್ಲಿ ಲಂಡನ್ ಪ್ರದರ್ಶನದಲ್ಲಿ ಬಂದ ಕಾನ್ಸುಲ್ ಮತ್ತು ಜೆಫಿರ್. ಮುಂದಿನ ಚಕ್ರಗಳಿಗೆ ಮಾತ್ರ ಸ್ಟ್ರಟ್ ಹಾಕಿದರು. ಮ್ಯಾಕ್‌ಫರ್ಸನ್ ಫೋರ್ಡ್‌ನ ಎಂಜಿನಿಯರಿಂಗ್ ಉಪಾಧ್ಯಕ್ಷರಾದರು, 1958ರಲ್ಲಿ ನಿವೃತ್ತರಾದರು, 1960ರ ಜನವರಿಯಲ್ಲಿ ತೀರಿಕೊಂಡರು. ಸಣ್ಣ, ಅಗ್ಗದ, ಮುಂದಿನ ಚಕ್ರ ಎಳೆಯುವ ಕಾರುಗಳ ಕಾಲ ಜೋರಾಗಿದ್ದು ಅವರು ಹೋದಮೇಲೆ. ಎಂಜಿನ್ ಅಡ್ಡಡ್ಡ ಕೂರಿಸಬೇಕು ಅಂದ್ರೆ ಚಕ್ರಗಳ ಮಧ್ಯೆ ಜಾಗ ಬೇಕು. ಮೇಲಿನ ಆರ್ಮ್ ಇಲ್ಲದ ಸ್ಟ್ರಟ್ ಆ ಜಾಗ ಉಳಿಸಿಕೊಟ್ಟಿತು. 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂದ ಮಾರುತಿ 800 ಅಂಥದ್ದೇ ಕಾರು. 2014ರವರೆಗೂ ಅದು ತಯಾರಾಯಿತು, ಎಷ್ಟೋ ಮನೆಗಳ ಮೊದಲ ಕಾರಾಯಿತು.

ಈಗ ಬುಷ್ ವಿಷಯಕ್ಕೆ ಬರೋಣ, ಯಾಕಂದ್ರೆ ಮ್ಯಾಕ್‌ಫರ್ಸನ್ ಉಳಿಸಿದ ಖರ್ಚಿನ ಇನ್ನೊಂದು ಮುಖ ಅಲ್ಲಿದೆ. ಉಳಿದಿದ್ದು ಒಂದೇ ಆರ್ಮ್. ಬ್ರೇಕ್ ಹಾಕಿದಾಗ, ತಿರುವಿನಲ್ಲಿ, ಗುಂಡಿಗೆ ಇಳಿದಾಗ ಚಕ್ರದ ಕೆಳಭಾಗವನ್ನ ಜಾಗದಲ್ಲಿ ಹಿಡಿಯೋ ಭಾರ ಆ ಆರ್ಮ್ ಮತ್ತದರ ರಬ್ಬರ್‌ಗಳ ಮೇಲೆ. ಗುಬ್ಬಿಯಿಂದ ಕುಣಿಗಲ್ ಕಡೆಗೆ ಊರಿಗೊಂದು ಹಂಪ್ ದಾಟುತ್ತಾ ಹದಿನೈದು ಇಪ್ಪತ್ತು ವರ್ಷ ಓಡಿದ ಕಾರಲ್ಲಿ ಈ ರಬ್ಬರ್ ಬಿರುಕು ಬಿಟ್ಟು, ಲೋಹದಿಂದ ಕಿತ್ತು ಬಂದಿರುತ್ತೆ. ಹಂಪ್ ಮೇಲೆ ಕಟಕ್ ಅನ್ನೋ ಸದ್ದು, ಬ್ರೇಕ್ ಹಾಕಿದರೆ ಗಾಡಿ ಒಂದು ಕಡೆಗೆ ಎಳೆಯೋದು, ಟೈರ್ ಒಂದೇ ಅಂಚಲ್ಲಿ ಸವೆಯೋದು ಇದರ ಲಕ್ಷಣ. ಎಷ್ಟೋ ಜನ ಶಾಕ್ ಅಬ್ಸಾರ್ಬರ್ ಹೋಯ್ತು ಅಂತ ಅದನ್ನ ಬದಲಾಯಿಸ್ತಾರೆ, ಸದ್ದು ಮಾತ್ರ ಹಾಗೇ ಇರುತ್ತೆ.

ಹಳೇ ಬುಷ್ ಪ್ರೆಸ್‌ನಲ್ಲಿ ತೆಗೆದು ಹೊಸದನ್ನ ಪ್ರೆಸ್‌ನಲ್ಲೇ ಕೂರಿಸಬೇಕು. ಸುತ್ತಿಗೆಯಲ್ಲಿ ಹೊಡೆದರೆ ಕೊಳವೆ ಸೊಟ್ಟಗಾಗುತ್ತೆ. ಇನ್ನೊಂದು ಮುಖ್ಯ ವಿಷಯ. ಈ ಬುಷ್ ಬೇರಿಂಗ್ ತರ ತಿರುಗೋದಿಲ್ಲ. ಆರ್ಮ್ ಮೇಲೆ ಕೆಳಗೆ ಆಡುವಾಗ ರಬ್ಬರ್ ತಿರುಚಿಕೊಂಡು ವಾಪಸ್ ಬರುತ್ತೆ, ಅಷ್ಟೇ. ಅದಕ್ಕೇ ಅದಕ್ಕೆ ಗ್ರೀಸ್ ಬೇಡ, ಎಣ್ಣೆ ತಾಗಿದರೆ ಹಾಳು. ಕಾರು ಜಾಕ್ ಮೇಲಿದ್ದು ಚಕ್ರ ನೇತಾಡುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಕಾರು ಕೆಳಗಿಳಿದ ತಕ್ಷಣ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತೆ, ಬೇಗ ಹರಿದುಹೋಗುತ್ತೆ. ಮೊದಲು ಸುಮ್ಮನೆ ಹಾಕಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದಮೇಲೆ ಕೊನೆಯ ಬಿಗಿತ ಕೊಡಬೇಕು. ಆಮೇಲೆ ಅಲೈನ್‌ಮೆಂಟ್.

ಅಗ್ಗದ ಕಾರಲ್ಲಿ ಕೂತವರಿಗೂ ಒಳ್ಳೇ ಸವಾರಿ ಸಿಗಬೇಕು ಅಂತ ಮ್ಯಾಕ್‌ಫರ್ಸನ್ ಹಟ ಹಿಡಿದಿದ್ದರು. ಇಪ್ಪತ್ತು ವರ್ಷ ಹಳೆಯ 800ರಲ್ಲಿ ಅದು ಇನ್ನೂ ಸಿಗುತ್ತೆ. ಶಾಕ್ ಅಬ್ಸಾರ್ಬರ್‌ಗೆ ದುಡ್ಡು ಸುರಿಯೋ ಮುಂಚೆ ಯಾರಾದರೂ ಒಂದು ಸಲ ಬಗ್ಗಿ ಆ ಬುಷ್ ನೋಡಬೇಕು, ಅಷ್ಟೇ.