ಎತ್ತರದ ಗುಟ್ಟನ್ನು ಲೆಕ್ಕದಲ್ಲಿ ಹಿಡಿದ ಫಿಶರ್

ತಂದೆ ಎತ್ತರ, ತಾಯಿ ಗಿಡ್ಡ. ಮಕ್ಕಳಲ್ಲಿ ಒಬ್ಬ ಉದ್ದ, ಇನ್ನೊಬ್ಬಳು ನಡುಮಟ್ಟ, ಮತ್ತೊಬ್ಬ ಅವರಿಬ್ಬರ ನಡುವೆ ಎಲ್ಲೋ. ಮನೆಮನೆಯಲ್ಲೂ ಕಾಣುವ ಈ ಸಾಧಾರಣ ಸಂಗತಿಯೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳನ್ನು ಎರಡು ಬಣಗಳಾಗಿ ಒಡೆದಿತ್ತು. ಮೆಂಡೆಲ್‌ನ ಬಟಾಣಿ ಗಿಡಗಳು ಉದ್ದವಾಗಿರುತ್ತಿದ್ದವು, ಇಲ್ಲವೇ ಗಿಡ್ಡವಾಗಿರುತ್ತಿದ್ದವು, ನಡುವಿನದು ಇರಲಿಲ್ಲ. ವಿಲಿಯಂ ಬೇಟ್ಸನ್ ಮತ್ತು ಸಂಗಡಿಗರಿಗೆ ಅನುವಂಶೀಯತೆಯೆಂದರೆ ಅದೇ. ಸಾವಿರಾರು ಕುಟುಂಬಗಳ ಎತ್ತರವನ್ನು ಅಳೆದು ಕೋಷ್ಟಕ ಹಾಕಿದ್ದ ಕಾರ್ಲ್ ಪಿಯರ್‌ಸನ್ ಅವರಿಗೆ ಮಾತ್ರ ಅಂತಹ ಮೆಟ್ಟಿಲುಗಳು ಎಲ್ಲಿಯೂ ಕಾಣಲಿಲ್ಲ. ಅಲ್ಲಿ ಇದ್ದುದು ಗಂಟೆಯ ಆಕಾರದ ನುಣುಪಾದ ಒಂದು ವಕ್ರರೇಖೆ.

ಈ ಎರಡೂ ಒಂದೇ ಸತ್ಯದ ಮುಖಗಳೆಂದು ಗಣಿತದಿಂದ ತೋರಿಸಿದವರು ರೊನಾಲ್ಡ್ ಫಿಶರ್. ಆಗ ಅವರು ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲದ ಒಬ್ಬ ಶಾಲಾ ಮೇಷ್ಟ್ರು.

1890ರ ಫೆಬ್ರುವರಿ 17ರಂದು ಲಂಡನ್ನಿನಲ್ಲಿ ಹುಟ್ಟಿದ ಫಿಶರ್ ಅವರ ತಂದೆ ಕಲಾಕೃತಿಗಳ ಹರಾಜು ಸಂಸ್ಥೆಯೊಂದರ ಪಾಲುದಾರ. 1904ರಲ್ಲಿ ತಾಯಿ ತೀರಿಕೊಂಡರು. ಕೆಲಕಾಲದಲ್ಲೇ ತಂದೆಯ ವ್ಯವಹಾರವೂ ಕುಸಿಯಿತು. ಬಾಲಕನ ದೃಷ್ಟಿ ತೀರ ದುರ್ಬಲ. ದೀಪದ ಬೆಳಕಿನಲ್ಲಿ ಓದಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರಿಂದ ಸಂಜೆಯ ಗಣಿತ ಪಾಠಗಳು ಕಾಗದ, ಲೇಖನಿಗಳಿಲ್ಲದೆ ನಡೆದವು. ರೇಖಾಚಿತ್ರಗಳನ್ನು ಮನಸ್ಸಿನಲ್ಲೇ ಕಟ್ಟಿ ತಿರುಗಿಸಿ ನೋಡುವ ಅಭ್ಯಾಸ ಆಗ ಬೆಳೆಯಿತು. ಮುಂದೆ ಅವರು ನಡುವಿನ ಹಂತಗಳನ್ನು ನುಂಗಿ ನೇರವಾಗಿ ಉತ್ತರ ಬರೆಯುತ್ತಿದ್ದುದಕ್ಕೂ, ಓದುಗರು ಅದರಿಂದ ಪಾಡುಪಟ್ಟುದಕ್ಕೂ ಇದೇ ಮೂಲವಿರಬೇಕು.

ಕೇಂಬ್ರಿಜ್‌ನಲ್ಲಿ 1912ರಲ್ಲಿ ಪದವಿ ಮುಗಿಯಿತು. ಮಹಾಯುದ್ಧಕ್ಕೆ ಸೇರಲು ಹೋದಾಗ ಕಣ್ಣಿನ ಕಾರಣಕ್ಕೆ ಸೈನ್ಯ ತಿರಸ್ಕರಿಸಿತು. ಶಾಲೆಗಳಲ್ಲಿ ಗಣಿತ, ಭೌತಶಾಸ್ತ್ರ ಕಲಿಸುತ್ತ, ಮನೆಯಲ್ಲಿ ಪುಟ್ಟ ಜಮೀನು ನೋಡಿಕೊಳ್ಳುತ್ತ, ಬಿಡುವಿನಲ್ಲಿ ಅವರು ಬರೆದದ್ದೇ ಆ ಪ್ರಬಂಧ.

ಅದರ ತಿರುಳನ್ನು ಗೋಧಿಯ ಉದಾಹರಣೆಯಿಂದ ಹಿಡಿಯುವುದು ಸುಲಭ. ಸ್ವೀಡನ್ನಿನ ತಳಿತಜ್ಞ ಹರ್ಮನ್ ನಿಲ್ಸನ್-ಏಲೆ ಕೆಂಪು ಮತ್ತು ಬಿಳಿ ಗೋಧಿಯನ್ನು ಸಂಕರ ಮಾಡಿ 1909ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಬಣ್ಣವನ್ನು ಒಂದೇ ಜೋಡಿ ವಂಶವಾಹಿ ನಿರ್ಧರಿಸುವುದಾದರೆ ಎರಡನೆಯ ಪೀಳಿಗೆಯಲ್ಲಿ 4ಕ್ಕೆ 1 ಬಿಳಿ ಬರಬೇಕು. ಎರಡು ಜೋಡಿಯಾದರೆ 16ಕ್ಕೆ 1, ಮೂರಾದರೆ 64ಕ್ಕೆ 1. ಕೆಲವು ಸಂಕರಗಳಲ್ಲಿ ಈ ಕೊನೆಯ ಲೆಕ್ಕವೇ ತಾಳೆಯಾಯಿತು. ಉಳಿದ 63 ಕೆಂಪಾದರೂ ಎಲ್ಲವೂ ಒಂದೇ ಕೆಂಪಲ್ಲ. ಪ್ರತಿ ವಂಶವಾಹಿಯೂ ಒಂದೊಂದು ತೊಟ್ಟು ಬಣ್ಣ ಸೇರಿಸುತ್ತದೆಂದುಕೊಂಡರೆ ಗಾಢ ಕೆಂಪಿನಿಂದ ಬಿಳಿಯವರೆಗೆ 1, 6, 15, 20, 15, 6, 1 ಎಂಬ ಏಳು ಛಾಯೆಗಳು ದೊರೆಯುತ್ತವೆ. ಇವನ್ನು ಕಂಬಗಳಾಗಿ ನಿಲ್ಲಿಸಿದರೆ ಗಂಟೆಯ ಆಕಾರ ಆಗಲೇ ಮೂಡಿರುತ್ತದೆ. ವಂಶವಾಹಿಗಳ ಸಂಖ್ಯೆ ಹೆಚ್ಚಿದಂತೆ, ಬಿಸಿಲು, ನೀರು, ಆಹಾರಗಳ ಪ್ರಭಾವವೂ ಬೆರೆತಂತೆ ಮೆಟ್ಟಿಲುಗಳು ಅಳಿಸಿಹೋಗಿ ರೇಖೆ ನುಣುಪಾಗುತ್ತದೆ.

ಫಿಶರ್ ಇಷ್ಟಕ್ಕೆ ನಿಲ್ಲಲಿಲ್ಲ. ವಂಶವಾಹಿಗಳು ಅಸಂಖ್ಯ, ಒಂದೊಂದರ ಪ್ರಭಾವ ಅತ್ಯಲ್ಪ ಎಂದಿಟ್ಟುಕೊಂಡು ಬಂಧುಗಳ ನಡುವಿನ ಹೋಲಿಕೆ ಎಷ್ಟಿರಬೇಕೆಂದು ಲೆಕ್ಕ ಹಾಕಿದರು. ಪಿಯರ್‌ಸನ್ ಅವರ ಅಳತೆಗಳಲ್ಲಿ ತಂದೆ-ಮಕ್ಕಳಿಗಿಂತ ಒಡಹುಟ್ಟಿದವರ ಎತ್ತರ ತುಸು ಹೆಚ್ಚು ಹೋಲುತ್ತಿತ್ತು. ಜೋಡಿಯಲ್ಲಿನ ಒಂದು ರೂಪ ಇನ್ನೊಂದನ್ನು ಮರೆಮಾಡುವ ಪ್ರಾಬಲ್ಯವೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ಒಂದು ವಂಶವಾಹಿಯ ಪರಿಣಾಮ ಬೇರೊಂದು ವಂಶವಾಹಿಯ ಇರುವಿಕೆಯನ್ನು ಅವಲಂಬಿಸುವ ಸಂದರ್ಭಕ್ಕೂ ಸೂತ್ರದಲ್ಲಿ ಜಾಗ ಕೊಟ್ಟರು. ಕೋಳಿಯ ಜುಟ್ಟಿನಲ್ಲಿ ಇಂತಹ ಹೆಣಿಗೆಯನ್ನು ಬೇಟ್ಸನ್ ಮತ್ತು ಪನ್ನೆಟ್ ಮೊದಲೇ ಕಂಡಿದ್ದರು: ಎರಡು ಬಗೆಯ ಜುಟ್ಟಿನ ತಳಿಗಳನ್ನು ಕೂಡಿಸಿದಾಗ ಎರಡರಲ್ಲೂ ಇಲ್ಲದ ಮೂರನೆಯ ಬಗೆ ಹುಟ್ಟಿತ್ತು. ಇಂದು ಸಂಖ್ಯಾಶಾಸ್ತ್ರದ ಪ್ರತಿ ವಿದ್ಯಾರ್ಥಿಯೂ ಕಲಿಯುವ ವೇರಿಯನ್ಸ್ ಎಂಬ ಪದ ಬಳಕೆಗೆ ಬಂದದ್ದು ಈ ಪ್ರಬಂಧದಿಂದಲೇ.

1916ರಲ್ಲಿ ಅದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದಾಗ ಪರಿಶೀಲನೆಗೆ ನೇಮಕವಾದವರು ಪಿಯರ್‌ಸನ್ ಮತ್ತು ಪನ್ನೆಟ್, ಅಂದರೆ ಎರಡೂ ಬಣಗಳ ಪ್ರಮುಖರು. ಇಬ್ಬರಿಗೂ ಉತ್ಸಾಹ ಮೂಡಲಿಲ್ಲ. ಫಿಶರ್ ಪ್ರಬಂಧವನ್ನು ಹಿಂಪಡೆದರು. ಚಾರ್ಲ್ಸ್ ಡಾರ್ವಿನ್ನರ ಮಗ ಲಿಯೊನಾರ್ಡ್ ಡಾರ್ವಿನ್ ಹಣದ ನೆರವು ನೀಡಿದ್ದರಿಂದ 1918ರಲ್ಲಿ ಎಡಿನ್‌ಬರೊ ರಾಯಲ್ ಸೊಸೈಟಿಯ ಮೂಲಕ ಅದು ಬೆಳಕು ಕಂಡಿತು. ಜಗಳವಾಡುತ್ತಿದ್ದವರನ್ನು ರಾಜಿ ಮಾಡಿಸಲು ಹೊರಟವನಿಗೆ ಇಬ್ಬರ ಬಾಗಿಲೂ ತೆರೆಯದಿದ್ದುದು ವಿಚಿತ್ರವೇನಲ್ಲ.

ಈ ಊಹೆ ಎಷ್ಟು ಸರಿಯೆಂಬುದು ಶತಮಾನದ ನಂತರ ತಿಳಿಯಿತು. ಸುಮಾರು 54 ಲಕ್ಷ ಜನರ ಡಿಎನ್ಎ ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಎತ್ತರದೊಂದಿಗೆ ನಂಟುಳ್ಳ 12 ಸಾವಿರಕ್ಕೂ ಹೆಚ್ಚು ವ್ಯತ್ಯಾಸಗಳನ್ನು ಗುರುತಿಸಿತು. ಯುರೋಪ್ ಮೂಲದವರ ಎತ್ತರದ ಏರಿಳಿತದಲ್ಲಿ ಶೇ 40ರಷ್ಟನ್ನು ಅವು ವಿವರಿಸುತ್ತವೆ. ಇತರ ಮೂಲದವರಲ್ಲಿ ಈ ಪಾಲು ಬಹಳ ಕಡಿಮೆ.

1919ರಲ್ಲಿ ಪಿಯರ್‌ಸನ್ ಅವರ ಪ್ರಯೋಗಾಲಯದಿಂದ ಬಂದ ಕರೆಯನ್ನು ಬಿಟ್ಟು ಫಿಶರ್ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದರು. 1843ರಿಂದ ಪೇರಿಸಿಟ್ಟಿದ್ದ ಬೆಳೆ, ಗೊಬ್ಬರಗಳ ದಾಖಲೆಗಳು ಅಲ್ಲಿದ್ದವು. ಪ್ರಯೋಗಗಳನ್ನು ಹೇಗೆ ಯೋಜಿಸಬೇಕೆಂಬ ಶಾಸ್ತ್ರವೇ ಆ ಹೊಲಗಳಲ್ಲಿ ರೂಪುಗೊಂಡಿತು.

ಭಾರತದೊಂದಿಗಿನ ನಂಟು ಪ್ರಶಾಂತಚಂದ್ರ ಮಹಲನೋಬಿಸ್ ಅವರಿಂದ ಬೆಳೆಯಿತು. 1938ರ ಜನವರಿಯಲ್ಲಿ ಕೋಲ್ಕತ್ತದಲ್ಲಿ ನಡೆದ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಫಿಶರ್ ಅಧ್ಯಕ್ಷರು. ಮುಂದೆಯೂ ಹಲವು ಬಾರಿ ಬಂದರು. ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಕೇಂಬ್ರಿಜ್‌ನಲ್ಲಿ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಡಾಕ್ಟರೇಟ್ ಪಡೆದರು. ಗಣಿತದ ಜೊತೆಗೆ ಗುರುವಿನ ಪ್ರಯೋಗಾಲಯದಲ್ಲಿ ಇಲಿಗಳ ತಳಿ ಬೆಳೆಸುವ ಕೆಲಸವೂ ಶಿಷ್ಯನ ಪಾಲಿಗೆ ಬಂದಿತ್ತು.

ಈ ಬದುಕಿಗೆ ಕಪ್ಪು ಬದಿಯೂ ಇದೆ. ಶ್ರೇಷ್ಠ ಸಂತಾನವನ್ನು ಆಯ್ದು ಬೆಳೆಸಬೇಕೆಂಬ ಸುಪ್ರಜನನವಾದಕ್ಕೆ ಫಿಶರ್ ವಿದ್ಯಾರ್ಥಿ ದೆಸೆಯಿಂದಲೇ ಮಾರುಹೋಗಿದ್ದರು. 1930ರ ಅವರ ಮಹತ್ವದ ಗ್ರಂಥದ ಕೊನೆಯ ಮೂರನೆಯ ಒಂದು ಭಾಗ, ಮೇಲ್ವರ್ಗದವರಿಗೆ ಮಕ್ಕಳು ಕಡಿಮೆಯಾಗುವುದರಿಂದಲೇ ನಾಗರಿಕತೆಗಳು ಕುಸಿಯುತ್ತವೆಂಬ ವಾದಕ್ಕೆ ಮೀಸಲು. ಸಂತಾನಹರಣ ಚಿಕಿತ್ಸೆಯನ್ನು ಕಾನೂನುಬದ್ಧಗೊಳಿಸುವ ಪ್ರಯತ್ನದಲ್ಲೂ ಅವರು ಪಾಲ್ಗೊಂಡರು. ದೋಷದ ಬೀಜ 1918ರ ಪ್ರಬಂಧದಲ್ಲೇ ಇತ್ತು: ಎತ್ತರದ ವ್ಯತ್ಯಾಸದಲ್ಲಿ ಪರಿಸರದ ಪಾಲು ಶೇ 5ರಷ್ಟೂ ಇರಲಾರದೆಂದು ಅವರು ತೀರ್ಮಾನಿಸಿದ್ದರು. ಒಡಹುಟ್ಟಿದವರು ವಂಶವಾಹಿಗಳನ್ನಷ್ಟೇ ಅಲ್ಲ, ಒಂದೇ ಮನೆಯ ಊಟವನ್ನೂ ಹಂಚಿಕೊಳ್ಳುತ್ತಾರೆಂಬುದಕ್ಕೆ ಆ ಲೆಕ್ಕದಲ್ಲಿ ತಕ್ಕ ಬೆಲೆ ಸಿಗಲಿಲ್ಲ. ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂಬ ಸಾಕ್ಷ್ಯಗಳನ್ನು 1950ರ ದಶಕದಲ್ಲಿ ಅವರು ಒಪ್ಪಲಿಲ್ಲ. ಎರಡಕ್ಕೂ ವಂಶವಾಹಿಯೇ ಸಮಾನ ಕಾರಣವಾಗಿರಬಹುದೆಂದು ವಾದಿಸಿದರು. ಸ್ವತಃ ಅವರು ಪೈಪ್ ಸೇದುತ್ತಿದ್ದರು, ತಂಬಾಕು ಉದ್ಯಮದ ಸಲಹೆಗಾರರೂ ಆಗಿದ್ದರು.

ಹಿರಿಯ ಮಗ ಜಾರ್ಜ್ ವಾಯುಪಡೆಯ ವಿಮಾನಚಾಲಕನಾಗಿ 1943ರಲ್ಲಿ ಮಡಿದ. ಯುದ್ಧದ ವರ್ಷಗಳಲ್ಲೇ ದಾಂಪತ್ಯವೂ ಮುರಿದಿತ್ತು. ನಿವೃತ್ತಿಯ ನಂತರ ಆಸ್ಟ್ರೇಲಿಯಾದ ಅಡಿಲೇಡ್‌ಗೆ ತೆರಳಿದ ಫಿಶರ್ 1962ರ ಜುಲೈ 29ರಂದು ಅಲ್ಲಿಯೇ ನಿಧನರಾದರು. ಅವರ ನೆನಪಿಗಾಗಿ ಕೇಂಬ್ರಿಜ್‌ನ ಕೀಸ್ ಕಾಲೇಜು ಭೋಜನ ಮಂದಿರದಲ್ಲಿ ಅಳವಡಿಸಿದ್ದ ಬಣ್ಣದ ಗಾಜಿನ ಕಿಟಕಿಯನ್ನು 2020ರಲ್ಲಿ ತೆಗೆಯಲಾಯಿತು.